ತೊಂಬತ್ತು ದಿನದ ಲೆಕ್ಕ

ಓದುವ ಮೊದಲು: ನಿಮ್ಮ ಮನೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವರು ಯಾರಿದ್ದಾರೆ? ಅವರ ಹತ್ತಿರ ಬಾಂಧಕಾಮ ಕಾಮಗಾರ ಮಂಡಳಿಯ ಕಾರ್ಡ್ ಇದೆಯೇ? ಇದ್ದರೆ ಅದನ್ನು ಎದುರಿಗೆ ಇಟ್ಟುಕೊಂಡು ಈ ಪಾಠ ಓದಿರಿ.

ಅಕ್ಕಲಕೋಟೆ ತಾಲ್ಲೂಕಿನ ಒಂದು ಹಳ್ಳಿ. ರಾತ್ರಿ ಎಂಟು ಗಂಟೆ. ಕಲಿಕಾ ಕೇಂದ್ರದಲ್ಲಿ ಕೂಡಿಸುವ ಲೆಕ್ಕ ಮುಗಿದಿತ್ತು. ಬಿಗಾರಿ ಕೆಲಸ ಮಾಡುವ ವೈನಿ ಒಬ್ಬರು ಪಾಟಿ ಕೆಳಗಿಟ್ಟು ಕೇಳಿದರು.

"ಅಕ್ಕೋರ, ಹತ್ತು ವರ್ಷ ಆತು ಇಟ್ಟಂಗಿ ಹೊರಾಕ ಹತ್ತಿ. ನೋಡಿ ನೋಡಿ ಗಿಲಾವ್ ಮಾಡೂದೂ ಬರ್ತೈತಿ. ಆದ್ರ ಪಗಾರ ಮಾತ್ರ ಬಿಗಾರಿದು. ಸರಕಾರದವರು ಗೌಂಡಿ ಕೆಲಸ ಕಲಿಸಿ ಸರ್ಟಿಫಿಕೇಟ್ ಕೊಡ್ತಾರಂತ. ನನಗೂ ಸಿಗತೈತೇನ್ರಿ?"

"ಕೇಳೂ ಹಕ್ಕು ನಿಮಗ ಐತಿ, ವೈನಿ. ಆದ್ರ ಮೊದಲು ಮೂರು ಮಾತು ಕೇಳ್ತಾರ. ವಯಸ್ಸು ಎಷ್ಟು? ವರ್ಷದಾಗ ಎಷ್ಟು ದಿನ ಕಟ್ಟಡದ ಕೆಲಸ ಮಾಡೀರಿ? ಮಂಡಳಿಯಾಗ ನಿಮ್ಮ ಹೆಸರು ಐತೋ ಇಲ್ಲೋ?"

ಈ ರೊಕ್ಕ ಯಾರದು?

ದೊಡ್ಡ ಕಟ್ಟಡ ಕಟ್ಟಿಸುವವರು ಸರಕಾರಕ್ಕೆ ಒಂದು ಕರ ಕಟ್ಟಬೇಕು. ಅದಕ್ಕೆ ಸೆಸ್ ಎನ್ನುತ್ತಾರೆ. 1996ರಲ್ಲಿ ಇದಕ್ಕಾಗಿ ಕಾಯ್ದೆ ಬಂತು. ಈಗ ಆ ಕಾಯ್ದೆಯ ಜಾಗದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಇದೆ. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕಟ್ಟುವ ಖರ್ಚಿನಲ್ಲಿ ನೂರಕ್ಕೆ ಒಂದು ರೂಪಾಯಿಗೆ ಕಡಿಮೆ ಇಲ್ಲದಂತೆ, ಎರಡು ರೂಪಾಯಿಗೆ ಮೀರದಂತೆ ಸೆಸ್ ಇರಬೇಕು ಎಂದು ಸಂಹಿತೆ ಹೇಳುತ್ತದೆ. ಒಂದು ರೂಪಾಯಿಯ ಲೆಕ್ಕ ಹಿಡಿಯಿರಿ. 60 ಲಕ್ಷ ರೂಪಾಯಿಯ ಕಟ್ಟಡಕ್ಕೆ 60 ಸಾವಿರ ರೂಪಾಯಿ ಆಯಿತು. ಜಾಗದ ಬೆಲೆ ಇದರಲ್ಲಿ ಸೇರುವುದಿಲ್ಲ. ಒಬ್ಬರು ತಾವು ಇರಲಿಕ್ಕೆ ಕಟ್ಟಿಕೊಳ್ಳುವ ಸಣ್ಣ ಮನೆಗೆ ಸೆಸ್ ಇಲ್ಲ.

ಈ ಸೆಸ್ ಕಟ್ಟುವವರು ಮಾಲಕರು. ನಿಮ್ಮ ಪಗಾರದಲ್ಲಿ ಇದನ್ನು ಮುರಿದುಕೊಳ್ಳುವ ಹಾಗಿಲ್ಲ.

ಈ ಹಣ ರಾಜ್ಯದ ಮಂಡಳಿಗೆ ಹೋಗುತ್ತದೆ. ಅಪಘಾತದ ಪರಿಹಾರ, ಹೆರಿಗೆಯ ನೆರವು, ಮಕ್ಕಳ ಓದು, ಪಿಂಚಣಿ ಇವುಗಳ ಜೊತೆಗೆ ಕೆಲಸದ ತರಬೇತಿಯೂ ಮಂಡಳಿಯ ಕೆಲಸ ಎಂದು ಸಂಹಿತೆಯಲ್ಲಿ ಬರೆದಿದೆ. ಆದರೆ ರೊಕ್ಕ ಕೂಡಿದಷ್ಟು ಸುಲಭವಾಗಿ ಕಾಮಗಾರರ ಕೈಗೆ ಬಂದಿಲ್ಲ. ಖರ್ಚಾಗದೆ ಬಿದ್ದ ಈ ಹಣದ ಬಗ್ಗೆ 2018ರಲ್ಲಿ ಸುಪ್ರೀಂ ಕೋರ್ಟೇ ಸರಕಾರಗಳನ್ನು ತರಾಟೆಗೆ ತೆಗೆದುಕೊಂಡಿತು. ಹಣ ಇದ್ದೂ ಸಿಗದಿರಲು ಒಂದು ಕಾರಣ, ಬಹಳ ಜನರ ಹೆಸರೇ ಮಂಡಳಿಯಲ್ಲಿ ಇರಲಿಲ್ಲ.

ಯಾರ ಹೆಸರು ಸೇರುತ್ತದೆ?

18 ವರ್ಷ ತುಂಬಿರಬೇಕು. 60 ತುಂಬಿರಬಾರದು. ಗೌಂಡಿ, ಸೆಂಟ್ರಿಂಗ್‌ನವರು, ಬಣ್ಣದವರು, ಫರಸಿ ಹಾಕುವವರು, ನಳದ ಕೆಲಸದವರು ಎಲ್ಲರೂ ಬರುತ್ತಾರೆ. ಮನೆ ಕಟ್ಟುವುದು ಒಂದೇ ಅಲ್ಲ. ರಸ್ತೆ, ಸೇತುವೆ, ಕಾಲುವೆ, ಗಟಾರ ಇವೂ ಸೇರುತ್ತವೆ. "ಬಿಗಾರಿ ಅಂದ್ರ ಬರೇ ಹೊರೂದು, ಅದಕ್ಕೇನು ಕಾರ್ಡ್?" ಎಂದು ಮುಕಾದಮ ಹೇಳಿದರೆ ನಂಬಬೇಡಿರಿ. ಕುಶಲ ಕೆಲಸ ಬಾರದ ಕೂಲಿಯೂ ಕಟ್ಟಡ ಕಾಮಗಾರನೇ. ಹೆಂಗಸರಿಗೂ ಅದೇ ನಿಯಮ.

ದಿನ ಎಣಿಸುವುದು ಹೇಗೆ?

ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡದ ಕೆಲಸ ಆಗಿರಬೇಕು. ಹೆಚ್ಚು ಜನ ಎಡವುವುದು ಇಲ್ಲೇ. ವೈನಿ ಕೂಡಾ ಎಡವಿದರು.

"ತೊಂಬತ್ತೇನ್ರಿ, ನಾ ವರ್ಷಪೂರ್ತಿ ದುಡಿದೀನಿ!"

"ಹಂಗಾದ್ರ ಪಾಟಿ ಮ್ಯಾಲ ಬರೀರಿ."

ವೈನಿ ಬರೆದರು. ಸೊಲ್ಲಾಪುರದ ಅಪಾರ್ಟ್‌ಮೆಂಟ್, 41 ದಿನ. ಅಕ್ಕಲಕೋಟೆಯ ಗಟಾರ, 22 ದಿನ. ಶಾಲೆಯ ಕೋಣೆ, 19 ದಿನ. ಕಬ್ಬು ಕಡಿಯುವುದು, 60 ದಿನ.

"ಕಬ್ಬಿನ ಕೆಲಸ ಹೊಲದ್ದು. ಅದನ್ನ ಹೊಡೀರಿ."

ಉಳಿದದ್ದು 82. ಎಂಟು ದಿನ ಕಡಿಮೆ. ವೈನಿ ಸುಮ್ಮನೆ ಕೂತರು. ಆಮೇಲೆ ಒಮ್ಮೆಲೇ, "ಅಯ್ಯ, ರಸ್ತಾದ ಮೋರಿ ಕೆಲಸ ಮರತೆ! ಹನ್ನೆರಡು ದಿನ!" ಎಂದರು. 82ಕ್ಕೆ 12 ಕೂಡಿದರೆ 94.

ನೋಡಿರಿ, ನಾಲ್ಕು ಕಡೆ ಮಾಡಿದ ಕೆಲಸ ಕೂಡಿತು. ಒಂದೇ ಮಾಲಕನ ಹತ್ತಿರ ಇರಬೇಕಿಲ್ಲ. ದಿನಗಳು ಒಂದರ ಹಿಂದೊಂದು ಬರಬೇಕಿಲ್ಲ. ಆದರೆ ಅರ್ಜಿ ಕೊಡುವುದನ್ನು ಮುಂದೆ ಮುಂದೆ ಹಾಕಿದರೆ ಹಳೆಯ ದಿನಗಳು 12 ತಿಂಗಳ ಆಚೆಗೆ ಬೀಳುತ್ತವೆ. ಇವತ್ತು 94 ಇದ್ದದ್ದು ಎರಡು ತಿಂಗಳಿಗೆ 60 ಆಗಬಹುದು.

ಬಾಯಿಲೆ ಹೇಳಿದರೆ ಸಾಲದು. ಕೆಲಸ ಕೊಟ್ಟ ಗುತ್ತೇದಾರನಿಂದ ದಾಖಲಾ ಬರೆಸಿಕೊಳ್ಳಬೇಕು. ಕೆಲಸ ಮುಗಿದ ದಿನವೇ ಕೇಳುವುದು ಒಳ್ಳೆಯದು. ಆರು ತಿಂಗಳ ಮೇಲೆ ಅವನು ಯಾವ ಊರಲ್ಲಿ ಇರುತ್ತಾನೋ! ಅವನು ಸಿಗದಿದ್ದರೆ ಬೇರೆ ಯಾರ ಸಹಿ ನಡೆಯುತ್ತದೆ ಎಂದು ಜಿಲ್ಲೆಯ ಕಾಮಗಾರ ಕಚೇರಿಯಲ್ಲಿ ಕೇಳಿರಿ. ಅಕ್ಕಲಕೋಟೆಯವರಿಗೆ ಜಿಲ್ಲೆ ಸೊಲ್ಲಾಪುರ. ಜತ್ತದವರಿಗೆ ಸಾಂಗ್ಲಿ.

ಕಾರ್ಡ್ ಬಂದ ಮೇಲೆ

ಕಾರ್ಡ್ ಮೇಲಿನ ತಾರೀಕು ನೋಡಿರಿ. ಅವಧಿ ಮುಗಿದಿದ್ದರೆ ಮೊದಲು ನವೀಕರಣ, ಆಮೇಲೆ ಸೌಲಭ್ಯದ ಮಾತು. 2021ರಲ್ಲಿ ಬಂದ ಇ-ಶ್ರಮ ಕಾರ್ಡ್ ಬೇರೆ, ಇದು ಬೇರೆ. ಅದೊಂದು ಇದ್ದರೆ ಮಂಡಳಿಯಲ್ಲಿ ಹೆಸರು ಬಂತು ಎಂದು ತಿಳಿಯಬೇಡಿರಿ. ಅರ್ಜಿ ತುಂಬಿಕೊಡುತ್ತೇನೆಂದು ಸಾವಿರಾರು ರೂಪಾಯಿ ಕೇಳುವವರು ಪೇಟೆಯಲ್ಲಿ ಇದ್ದಾರೆ. ರೊಕ್ಕ ಕೊಟ್ಟರೆ ಪಾವತಿ ಕೇಳಿರಿ. ಪಾವತಿ ಕೊಡದವನಿಗೆ ರೊಕ್ಕವೂ ಬೇಡ, ಕಾಗದವೂ ಬೇಡ.

ತರಬೇತಿ ವರ್ಷದ ಎಲ್ಲ ದಿನ ನಡೆಯುವುದಿಲ್ಲ. ತಂಡ ಯಾವಾಗ ಶುರು, ಎಲ್ಲಿ, ಎಷ್ಟು ದಿನ ಎಂದು ಕಚೇರಿಯಲ್ಲಿ ವಿಚಾರಿಸಬೇಕು. ಕಲಿಯುವ ದಿನಗಳಿಗೆ ಕೂಲಿ ಪರಿಹಾರ ಇದೆಯೇ ಎಂದೂ ಕೇಳಿರಿ. ದಿನಗೂಲಿಯವರಿಗೆ ಇದೇ ದೊಡ್ಡ ಪ್ರಶ್ನೆ. ವೈನಿಯ ಹಾಗೆ ಕೆಲಸ ಆಗಲೇ ಬರುವವರಿಗೆ ಇನ್ನೊಂದು ದಾರಿ ಇದೆ. ಕೈಕೆಲಸ ಪರೀಕ್ಷೆ ಮಾಡಿ, ಕಡಿಮೆ ಇದ್ದಷ್ಟನ್ನು ಕಲಿಸಿ ಸರ್ಟಿಫಿಕೇಟ್ ಕೊಡುವ ತರಬೇತಿ ಅದು.

ಅರ್ಜಿಯಲ್ಲಿ ಕಾಣುವ ಮರಾಠಿ ಮಾತುಗಳು

ಬಾಂಧಕಾಮ: ಕಟ್ಟಡದ ಕೆಲಸ
ನೂತನೀಕರಣ: ನವೀಕರಣ
ಪ್ರಶಿಕ್ಷಣ: ತರಬೇತಿ
ಪಾತ್ರತಾ: ಅರ್ಹತೆ
ದಾಖಲಾ: ಪ್ರಮಾಣ ಪತ್ರ
ಪತ್ತಾ: ವಿಳಾಸ

ಅಭ್ಯಾಸ

1. 75 ಲಕ್ಷ ರೂಪಾಯಿಯ ಕಟ್ಟಡಕ್ಕೆ ನೂರಕ್ಕೆ ಒಂದರಂತೆ ಸೆಸ್ ಎಷ್ಟು?

2. ಒಬ್ಬರು ಬಣ್ಣದ ಕೆಲಸ 35 ದಿನ, ರಸ್ತೆ ಕೆಲಸ 48 ದಿನ, ಕಬ್ಬಿನ ಕೆಲಸ 30 ದಿನ ಮಾಡಿದ್ದಾರೆ. ಇನ್ನೂ ಎಷ್ಟು ದಿನ ಬೇಕು?

3. ನಿಮ್ಮ ವಹಿಯಲ್ಲಿ ನಾಲ್ಕು ಮನೆ ಗೆರೆ ಹಾಕಿರಿ: ತಾರೀಕು, ಕೆಲಸದ ಜಾಗ, ಗುತ್ತೇದಾರನ ಹೆಸರು, ಪಗಾರ. ಈ ವಾರದ ಕೆಲಸವನ್ನು ಅದರಲ್ಲಿ ಬರೆಯಿರಿ. ಕೆಳಗೆ ನಿಮ್ಮ ಸಹಿ ಮಾಡಿರಿ.