ತೇಗವೋ ಅಕೇಶಿಯಾವೋ? ತುದಿ ನೋಡಿ ಹೇಳಿ



ಹೋದ ದೀಪಾವಳಿಗೆ ನಮ್ಮ ಮನೆಗೆ ಹೊಸ ಬಾಗಿಲು ಮಾಡಿಸಿದೆವು. ಹಲಗೆ ಮಾರಿದವರು "ತೇಗ" ಅಂದ್ರು. ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ ತೇಗದ ಬೆಲೆಯನ್ನೇ ಕೊಟ್ಟರು. ಶಿವರಾತ್ರಿ ಹೊತ್ತಿಗೆ ಬಾಗಿಲು ಸೊಟ್ಟಗಾಗಿ ಚಿಲಕ ಹಾಕೋಕೇ ಬರಲಿಲ್ಲ. ಬಡಗಿ ಮಾವ ಬಂದು ಬಾಗಿಲಿನ ಕೆಳತುದಿಯನ್ನು ಉಳಿಯಿಂದ ಸವರಿ, ನೀರು ಹಚ್ಚಿ ನೋಡಿ, "ಇದು ಅಕೇಶಿಯಾ ಕಣೋ" ಅಂದ್ರು. ಅವತ್ತಿನಿಂದ ಅವರ ಹಿಂದೆ ಬಿದ್ದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಬಣ್ಣ ನಂಬಬಾರದು, ಪಾಲಿಶ್ ಹಚ್ಚಿರುತ್ತಾರೆ. ತೂಕವನ್ನೂ ನಂಬಬಾರದು, ಹಸಿ ಮರ ಯಾವುದಾದರೂ ಭಾರವೇ. ಅಡ್ಡ ಕೊಯ್ದ ತುದಿಯನ್ನು ಬ್ಲೇಡಿನಿಂದ ನುಣ್ಣಗೆ ಮಾಡಿ ಒದ್ದೆ ಮಾಡಿದರೆ ಸೂಜಿ ಚುಚ್ಚಿದಂಥ ತೂತುಗಳು ಕಾಣುತ್ತವೆ. ಬೇರಿನಿಂದ ನೀರು ಮೇಲಕ್ಕೆ ಹೋಗುವ ಕೊಳವೆಗಳು ಇವೇ.

ತೇಗ ಬೇಸಿಗೆಯಲ್ಲಿ ಎಲೆ ಉದುರಿಸುತ್ತದೆ. ಮಳೆ ಬಂದಾಗ ಮತ್ತೆ ಬೆಳೆಯುವಾಗ ಮೊದಲು ದೊಡ್ಡ ಕೊಳವೆಗಳ ಸಾಲು, ಆಮೇಲೆ ಸಣ್ಣವು. ಆದ್ದರಿಂದ ತುದಿಯಲ್ಲಿ ಬಳೆ ಇಟ್ಟಂತೆ ಉಂಗುರಗಳು ಬರಿಗಣ್ಣಿಗೇ ಕಾಣುತ್ತವೆ. ಮುಟ್ಟಿದರೆ ಎಣ್ಣೆ ಜಿಡ್ಡು, ಮೂಸಿದರೆ ಹಳೇ ಚರ್ಮದ ವಾಸನೆ. ಅಕೇಶಿಯಾ ಸದಾ ಹಸಿರು. ಅದರ ತೂತುಗಳು ರಾಗಿ ಚೆಲ್ಲಿದಂತೆ ಎಲ್ಲ ಕಡೆ ಹರಡಿರುತ್ತವೆ, ತೇಗದಂತೆ ಸಾಲು ಕಟ್ಟುವುದಿಲ್ಲ. ನಮ್ಮ ಬಾಗಿಲಲ್ಲಿ ಇದ್ದದ್ದು ಈ ರಾಗಿಯೇ!

ಅಕೇಶಿಯಾ, ನೀಲಗಿರಿ, ಸಿಲ್ವರ್ ಓಕ್ ಮೂರೂ ಆಸ್ಟ್ರೇಲಿಯಾ ಕಡೆಯಿಂದ ಬಂದವು. ಭದ್ರಾವತಿಯ ಕಾಗದ ಕಾರ್ಖಾನೆಗಾಗಿ ಮಲೆನಾಡಿನಲ್ಲಿ ನೀಲಗಿರಿ, ಅಕೇಶಿಯಾ ತೋಪು ಬೆಳೆಸಿದರು. ನೀಲಗಿರಿಯ ತೂತುಗಳು ಓರೆ ಸಾಲಿನಲ್ಲಿರುತ್ತವೆ, ನಡುನಡುವೆ ಕಪ್ಪು ಅಂಟಿನ ಗೆರೆ ಇರಬಹುದು, ಒಣಗುವಾಗ ತುದಿ ನಕ್ಷತ್ರದಂತೆ ಸೀಳುತ್ತದೆ. ಕಾಫಿ ತೋಟದ ಸಿಲ್ವರ್ ಓಕ್ ಸುಲಭ: ಸೀಳಿದ ಮುಖದಲ್ಲಿ ಕಸೂತಿ ಹಾಕಿದಂತೆ ಹೊಳೆಯುವ ಚುಕ್ಕೆ.

ಆಸ್ಟ್ರೇಲಿಯಾದವರಿಗೂ ಇದೇ ಫಜೀತಿ ಇದೆ. ಅಲ್ಲಿಯ ಜಾರಾ ಮತ್ತು ಕಾರಿ ಎರಡೂ ನೀಲಗಿರಿ ಜಾತಿ, ಎರಡೂ ಕೆಂಪು. ಹಿಂದೆ ನಮ್ಮ ದೇಶದ ರೈಲು ಹಳಿಗಳ ಅಡಿಗೂ ಜಾರಾ ಮರ ಹಡಗಿನಲ್ಲಿ ಬರುತ್ತಿತ್ತಂತೆ. ಬೆಂಕಿಕಡ್ಡಿಯಷ್ಟು ಚಕ್ಕೆ ಸುಟ್ಟು ನೋಡುತ್ತಾರೆ. ಬಿಳಿ ಬೂದಿಯಾದರೆ ಕಾರಿ, ಕಪ್ಪು ಇದ್ದಿಲಾಗಿ ಉಳಿದರೆ ಜಾರಾ.

ನಮ್ಮ ಭದ್ರಾ ಕಾಡಿನ ಹೊನ್ನೆಗೆ ಬೆಂಕಿ ಬೇಡ, ನೀರು ಸಾಕು. ಚಕ್ಕೆಯನ್ನು ಗಾಜಿನ ಲೋಟದ ನೀರಲ್ಲಿ ಹಾಕಿ ಬಿಸಿಲಿಗೆ ಹಿಡಿದರೆ ಕಂದು ನೀರಿನ ಅಂಚು ನೀಲಿಯಾಗಿ ಹೊಳೆಯುತ್ತದೆ. ನಾನು ಮೊದಲು ನಂಬಲಿಲ್ಲ, ಮೂರು ಸಲ ಮಾಡಿದೆ. ಬೀಟೆಗೆ ನೇರಳೆ ಮಿಶ್ರಿತ ಕಂದು ಬಣ್ಣ, ಕಪ್ಪು ಗೆರೆ, ಕೊಯ್ದಾಗ ಒಳ್ಳೆ ಪರಿಮಳ.

ಈ ಹಾಳೆಯ ಕೆಳಗೆ ದಾರದಲ್ಲಿ ಆರು ತುಂಡು ಕಟ್ಟಿದ್ದೇನೆ. ಕಾಡಿನದ್ದಲ್ಲ, ಬಡಗಿ ಮಾವನ ಅಂಗಳದ ಚೂರುಗಳು. ಹೆಸರಿಲ್ಲ, ನಂಬರ್ ಮಾತ್ರ ಇದೆ. ಪ್ರಯೋಗಶಾಲೆಯ ಭೂತಗನ್ನಡಿಯನ್ನು ಕೇಳಿ ತಂದು ನೋಡಿ, ಉತ್ತರ ಬರೆದು ನನಗೆ ಕೊಡಿ. ನಾಲ್ಕನೇ ನಂಬರ್ ನಮ್ಮ ಬಾಗಿಲಿನದೇ.