ಡೀಸೆಲ್ ಉಳಿಸಿದ ಮೇಲೆ ಟಯರಿನ ಲೆಕ್ಕ

ಮಗಾ,

ಎಲೆಕ್ಟ್ರಿಕ್ ಟ್ರೇಲರ್ ಲಾರಿ ತೆಗೆದುಕೊಳ್ಳುವ ಮಾತು ಗಟ್ಟಿಯಾಗಿದೆ ಎಂದು ನಿಮ್ಮಪ್ಪ ಹೇಳಿದ. ಒಳ್ಳೆಯದೇ. 2025ರ ಜುಲೈನಲ್ಲಿ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆ ಲಾರಿಗಳಿಗೂ ಬಂತು. ಒಂದು ಗಾಡಿಗೆ 9.6 ಲಕ್ಷ ರೂಪಾಯಿವರೆಗೆ ಸಹಾಯಧನ, ಹಳೇ ಲಾರಿ ಗುಜರಿಗೆ ಹಾಕಿದ ಸರ್ಟಿಫಿಕೇಟ್ ಬೇಕು ಅಷ್ಟೆ. ಬ್ಯಾಟರಿಗೆ 5 ವರ್ಷ ಅಥವಾ 5 ಲಕ್ಷ ಕಿಲೋಮೀಟರ್ ವಾರಂಟಿ ಕೊಡಲೇಬೇಕೆಂಬ ಷರತ್ತೂ ಅದರಲ್ಲಿದೆ. ಬ್ಯಾಟರಿ, ಚಾರ್ಜರ್, ಬ್ಯಾಂಕಿನ ಸಾಲ ಎಲ್ಲವನ್ನೂ ನೀನು ನನಗಿಂತ ಚೆನ್ನಾಗಿ ಓದಿಕೊಂಡಿದ್ದೀಯ. ಟಯರಿನ ವಿಷಯದಲ್ಲಿ ಮಾತ್ರ ಈ ದೊಡ್ಡಪ್ಪನ ಮಾತು ಕೇಳು. ಅಷ್ಟು ಕಿಲೋಮೀಟರಿಗೆ ಟಯರಿಗೆ ಯಾರೂ ವಾರಂಟಿ ಬರೆದುಕೊಡುವುದಿಲ್ಲ. ಡೀಸೆಲ್‌ನಲ್ಲಿ ಉಳಿದ ದುಡ್ಡು ಸದ್ದಿಲ್ಲದೆ ಸೋರಿಹೋಗುವ ಜಾಗ ಅದೇ.

ಎಲೆಕ್ಟ್ರಿಕ್ ಲಾರಿಯಲ್ಲಿ ಟಯರು ಬೇಗ ಸವೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಯಾವ ಟಯರು, ಯಾಕೆ ಎನ್ನುವುದನ್ನು ತಿಳಿದುಕೋ. ಮೊದಲನೆಯದು ತೂಕ. ಟಾಟಾ ಸ್ಟೀಲ್‌ನವರು 2021ರಲ್ಲಿ ಉಕ್ಕು ಸಾಗಿಸಲು ಎಲೆಕ್ಟ್ರಿಕ್ ಲಾರಿ ಇಳಿಸಿದರಲ್ಲ, ಅದರ ಬ್ಯಾಟರಿ 230.4 ಯೂನಿಟ್‌ನದು, ತೂಕವೇ ಎರಡೂವರೆ ಟನ್. ಡೀಸೆಲ್ ಲಾರಿ ಮಾಲು ಇಳಿಸಿ ಖಾಲಿ ಬರುವಾಗ ಹಿಂದಿನ ಟಯರುಗಳು ಸ್ವಲ್ಪ ಉಸಿರಾಡುತ್ತವೆ. ಎಲೆಕ್ಟ್ರಿಕ್ ಲಾರಿಯ ಬ್ಯಾಟರಿಯನ್ನು ಇಳಿಸಲು ಆಗುವುದಿಲ್ಲ. ಹೋಗುವಾಗಲೂ ಅದೇ ಭಾರ, ಬರುವಾಗಲೂ ಅದೇ ಭಾರ.

ಎರಡನೆಯದು ಎಳೆತ. ಡೀಸೆಲ್ ಎಂಜಿನ್ ಆರ್‌ಪಿಎಂ ಏರಿದ ಮೇಲೆ ಬಲ ಕೊಡುತ್ತದೆ, ನಡುವೆ ಕ್ಲಚ್ಚೂ ಇದೆ. ಮೋಟರ್ ನಿಂತಲ್ಲಿಂದಲೇ ಪೂರ್ತಿ ಬಲ ಹಾಕುತ್ತದೆ. ಡ್ರೈವರ್ ಕಾಲು ಜೋರು ಮಾಡಿದರೆ ಅದು ಸೀದಾ ಹೌಸಿಂಗ್‌ನ, ಅಂದರೆ ಗಾಡಿ ಎಳೆಯುವ ಆಕ್ಸಲ್ಲಿನ, ಟಯರಿಗೆ ಹೋಗಿ ರಬ್ಬರನ್ನು ಉಜ್ಜುತ್ತದೆ. ಸಿಗ್ನಲ್ಲಿನಲ್ಲಿ ಬೈಕಿನವರ ಜೊತೆ ಪೈಪೋಟಿಗೆ ಬೀಳುವ ಡ್ರೈವರನ್ನು ಈ ಗಾಡಿಗೆ ಕೂರಿಸಬೇಡ.

ಮೂರನೆಯದು ಬಹಳ ಜನ ಮರೆಯುವ ರೀಜನ್ ಬ್ರೇಕ್, ಅಂದರೆ ಮೋಟರೇ ಗಾಡಿಯನ್ನು ತಡೆದು ಬ್ಯಾಟರಿ ತುಂಬಿಸುವುದು. ಅದರಿಂದ ಬ್ರೇಕ್ ಲೈನರ್ ಉಳಿಯುವುದು ನಿಜ. ಆದರೆ ಕಾಲಿನ ಬ್ರೇಕ್ ಒತ್ತಿದಾಗ ಟ್ರೇಲರೂ ಸೇರಿ ಎಲ್ಲ ಚಕ್ರಗಳೂ ಭಾರ ಹಂಚಿಕೊಂಡು ನಿಲ್ಲಿಸುತ್ತವೆ. ರೀಜನ್ ಹಿಡಿಯುವುದು ಮೋಟರ್ ಸೇರಿದ ಹೌಸಿಂಗನ್ನು ಮಾತ್ರ. ಡೀಸೆಲ್‌ನ ಎಕ್ಸಾಸ್ಟ್ ಬ್ರೇಕೂ ಹಾಗೆಯೇ ಅನ್ನಬಹುದು, ಆದರೆ ಅದಕ್ಕೆ ಇಷ್ಟು ಹಿಡಿತ ಎಲ್ಲಿತ್ತು? ಶಿರಾಡಿ ಘಾಟಿಯಂಥ ಇಳಿಜಾರಿನಲ್ಲಿ 50 ಟನ್ ತೂಗುವ ಗಾಡಿ 700 ಮೀಟರ್ ಕೆಳಕ್ಕೆ ಇಳಿದರೆ ಅದರಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 95 ಯೂನಿಟ್. ಗಾಳಿಗೆ, ಉರುಳಾಟಕ್ಕೆ ಒಂದು ಪಾಲು ಹೋಗುತ್ತದೆ. ಉಳಿದದ್ದು ಬ್ಯಾಟರಿಗೆ ವಾಪಸ್ ಬರಬೇಕಾದರೆ ಹೌಸಿಂಗ್‌ನ ಟಯರುಗಳ ಮೂಲಕವೇ ಬರಬೇಕು. ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಆರು ಚಕ್ರದ್ದಾದರೆ ಬರೀ ನಾಲ್ಕು ಟಯರು! ಹತ್ತುವಾಗ ಎಳೆಯುವುದೂ ಅವೇ, ಇಳಿಯುವಾಗ ತಡೆಯುವುದೂ ಅವೇ.

ಇದರ ಜೊತೆಗೆ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಟ್ರೇಲರ್ ಖಾಲಿ ಇದ್ದಾಗ ರೀಜನನ್ನು ಪೂರ್ತಿ ಇಡಬೇಡ. ಹಿಂದಿನ ಚಕ್ರ ಜಾರಿದರೆ ಟ್ರೇಲರ್ ಬಂದು ಕ್ಯಾಬಿನ್ನಿಗೆ ಮಡಚಿಕೊಳ್ಳುತ್ತದೆ. ಘಾಟಿಯ ಮೇಲೆ ಬ್ಯಾಟರಿ ಪೂರ್ತಿ ತುಂಬಿಸಿಕೊಂಡೂ ಇಳಿಯಬೇಡ. ತುಂಬಿದ ಬ್ಯಾಟರಿಗೆ ಮತ್ತೆ ತುಂಬಿಸಿಕೊಳ್ಳಲು ಜಾಗವಿರುವುದಿಲ್ಲ, ರೀಜನ್ ಕೈಕೊಡುತ್ತದೆ.

ಇನ್ನು ಸೈಜಿನ ಮಾತು. ರಿಮ್ಮು ಇಪ್ಪತ್ತು ಇಂಚಿನದೋ, ಇಪ್ಪತ್ತೆರಡೂವರೆಯದೋ ಎಂದು ಕೇಳಿದ್ದೆಯಂತೆ. ದೊಡ್ಡ ನಂಬರ್ ಎಂದರೆ ದೊಡ್ಡ ಚಕ್ರ ಎಂದುಕೊಳ್ಳಬೇಡ. 295/90 ಆರ್ 20 ಟಯರಿನ ಹೊರಗಿನ ವ್ಯಾಸ ಸುಮಾರು 1039 ಮಿಲಿಮೀಟರ್. 295/80 ಆರ್ 22.5 ಟಯರಿನದು 1044. ಹೆಚ್ಚೂಕಡಿಮೆ ಎರಡೂ ಒಂದೇ. ವ್ಯತ್ಯಾಸ ಇರುವುದು ಒಳಗೆ. ಇಪ್ಪತ್ತರದ್ದಕ್ಕೆ ಟ್ಯೂಬು, ಫ್ಲ್ಯಾಪು, ಲಾಕ್ ರಿಂಗ್ ಇರುವ ಡಿಸ್ಕು. ಇಪ್ಪತ್ತೆರಡೂವರೆ ಟ್ಯೂಬ್‌ಲೆಸ್, ಒಂದೇ ತುಂಡಿನ ರಿಮ್ಮು. ಟ್ಯೂಬು ಟಯರಿನೊಳಗೆ ಉಜ್ಜಿ ಬಿಸಿ ಏರಿಸುತ್ತದೆ, ಮೊಳೆ ಚುಚ್ಚಿದರೆ ಗಾಳಿ ಒಮ್ಮೆಗೇ ಹೋಗುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಸಾಮಾನ್ಯವಾಗಿ ನಿಧಾನಕ್ಕೆ ಇಳಿಯುತ್ತದೆ, ಡ್ರೈವರಿಗೆ ಗಾಡಿ ಪಕ್ಕಕ್ಕೆ ಹಾಕಲು ಸಮಯ ಸಿಗುತ್ತದೆ. ಗಾಳಿ ಹೊಡೆಯುವಾಗ ಲಾಕ್ ರಿಂಗ್ ಹಾರಿ ಪಂಕ್ಚರ್ ಅಂಗಡಿಯ ಹುಡುಗರ ಪ್ರಾಣಕ್ಕೇ ಕುತ್ತು ಬರುವ ಭಯವೂ ಅದರಲ್ಲಿಲ್ಲ. ನೀನು ಓಡಿಸುವುದು ಹೆದ್ದಾರಿಯಲ್ಲಿ, ಗಣಿಯ ಮಣ್ಣುದಾರಿಯಲ್ಲಲ್ಲ. ಇಪ್ಪತ್ತೆರಡೂವರೆಯನ್ನೇ ಹಾಕಿಸು.

ಸೈಜಿಗಿಂತ ಮುಖ್ಯವಾದ ನಂಬರ್ ಟಯರಿನ ಪಕ್ಕದಲ್ಲಿ ಸಣ್ಣದಾಗಿ ಇರುತ್ತದೆ. 152/148 ಎಂದಿದ್ದರೆ ಒಂಟಿ ಹಾಕಿದಾಗ 3,550 ಕಿಲೋ, ಜೋಡಿ ಹಾಕಿದಾಗ ಒಂದೊಂದು 3,150 ಕಿಲೋ ಹೊರುತ್ತದೆ ಎಂದರ್ಥ. 2018ರಲ್ಲಿ ಸರ್ಕಾರ ಆಕ್ಸಲ್ ಲೋಡಿನ ಮಿತಿ ಏರಿಸಿತು. ಮುಂದಿನ ಆಕ್ಸಲ್ಲಿಗೆ 6 ಟನ್ ಇದ್ದದ್ದು 7 ಆಯಿತು, ನಾಲ್ಕು ಟಯರಿನ ಆಕ್ಸಲ್ಲಿಗೆ 10.2 ಇದ್ದದ್ದು 11.5 ಆಯಿತು. 146/143 ಎಂದಿರುವ ಹಳೇ 10.00 ಆರ್ 20 ಟಯರು ಎರಡು ಸೇರಿ ಹೊರುವುದು 6,000 ಕಿಲೋ. ಹಳೇ ಮಿತಿಗೆ ಸರಿ, ಹೊಸದಕ್ಕೆ ಸಾಲದು. 152ರ ಎರಡು ಟಯರು 7,100 ಹೊರುತ್ತವೆ. 7 ಟನ್ನಿಗೆ ಹೋಲಿಸಿದರೆ ಕೈಯಲ್ಲಿ ಉಳಿಯುವುದು ಬರೀ 100 ಕಿಲೋ. ಬ್ಯಾಟರಿ ಕ್ಯಾಬಿನ್ನಿನ ಹಿಂದೆಯೇ ನಿಂತಿರುವ ಗಾಡಿಯಲ್ಲಿ ಮುಂದಿನ ಆಕ್ಸಲ್ ಮಿತಿಯ ಹತ್ತಿರವೇ ಓಡುತ್ತಿರುತ್ತದೆ. ಅದಕ್ಕೇ ಮುಂದಕ್ಕೆ 154 ಅಥವಾ ಅದಕ್ಕಿಂತ ಮೇಲಿನದನ್ನು ಕೇಳು. 154 ಎಂದರೆ ಒಂದಕ್ಕೆ 3,750 ಕಿಲೋ.

ಹಾಗಾದರೆ ಇನ್ನೂ ದಪ್ಪನೆಯ 315/80 ಹಾಕಿಸಿದರೆ ಹೇಗೆ ಎನ್ನುತ್ತೀಯ. ಭಾರ ಹೊರುತ್ತದೆ, ನಿಜ. ಆದರೆ ವ್ಯಾಸ ನೂರಕ್ಕೆ ಮೂರರಷ್ಟು ಜಾಸ್ತಿ. ಘಾಟಿಯಲ್ಲಿ ಎಳೆತ ಅಷ್ಟು ಕಡಿಮೆಯಾಗುತ್ತದೆ, ಮೀಟರು ಓಡಿದ ದೂರವನ್ನು ಕಡಿಮೆ ತೋರಿಸುತ್ತದೆ, ಜೋಡಿ ಟಯರುಗಳ ನಡುವೆ ಜಾಗ ಸಾಲದೆ ಪಕ್ಕಗಳು ಉಜ್ಜಿಕೊಳ್ಳುತ್ತವೆ. ಕಂಪನಿ ಒಪ್ಪಿ ಬರೆದುಕೊಡದೆ ಸೈಜು ಬದಲಾಯಿಸಬೇಡ.

ಎಲ್ಲ ಚಕ್ರಕ್ಕೂ ಒಂದೇ ಟಯರು ಹಾಕುವ ಚಾಳಿಯನ್ನೂ ಬಿಡು. ಹೌಸಿಂಗಿಗೆ ಆಳವಾದ ಗ್ರಿಪ್ ಇರುವ ಡ್ರೈವ್ ಟಯರು ಬೇಕು. ಟ್ರೇಲರಿನ ಹನ್ನೆರಡು ಚಕ್ರಕ್ಕೆ ಹಗುರವಾಗಿ ಉರುಳುವ, ಗ್ರಿಪ್ ಕಡಿಮೆ ಇರುವ ಉದ್ದಗೆರೆಯ ಟಯರು ಸಾಕು. ಡೀಸೆಲ್ ಗಾಡಿಯಲ್ಲಿ ಉರುಳಾಟದ ವ್ಯತ್ಯಾಸ ಬಂಕಿನ ಬಿಲ್ಲಿನಲ್ಲಿ ಮುಚ್ಚಿಹೋಗುತ್ತಿತ್ತು. ಎಲೆಕ್ಟ್ರಿಕ್‌ನಲ್ಲಿ ಅದು ಚಾರ್ಜಿಂಗ್ ಪಾಯಿಂಟ್ ತಲುಪುವುದೋ ಇಲ್ಲವೋ ಎಂಬ ಪ್ರಶ್ನೆಯಾಗಿ ಬರುತ್ತದೆ.

ಜೋಡಿ ಹಾಕುವಾಗ ಒಂದು ಹೊಸದು, ಒಂದು ಸವೆದದ್ದು ಹಾಕಿಸಬೇಡ. ವ್ಯಾಸದಲ್ಲಿ 6 ಮಿಲಿಮೀಟರ್ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಆದರೆ ಒಂದು ಸುತ್ತಿಗೆ 19 ಮಿಲಿಮೀಟರ್ ಹೆಚ್ಚುಕಡಿಮೆಯಾಗುತ್ತದೆ. ಕಿಲೋಮೀಟರಿಗೆ 300ಕ್ಕೂ ಹೆಚ್ಚು ಸುತ್ತು. ಎರಡೂ ಒಂದೇ ಹಬ್ಬಿಗೆ ಕಟ್ಟಿಕೊಂಡಿರುವುದರಿಂದ ಪ್ರತಿ ಕಿಲೋಮೀಟರಿಗೂ ಸುಮಾರು ಆರು ಮೀಟರ್ ರಸ್ತೆಗೆ ಉಜ್ಜಿಯೇ ಸರಿಹೋಗಬೇಕು.

ಗಾಳಿಯನ್ನು ಬೆಳಿಗ್ಗೆ, ಗಾಡಿ ಹೊರಡುವ ಮೊದಲು, ಗೇಜ್ ಹಾಕಿ ನೋಡಿಸು. ರಾಡಿನಿಂದ ತಟ್ಟಿ ಸದ್ದು ಕೇಳುವುದು ನೈಲಾನ್ ಟಯರಿನ ಕಾಲದ್ದು, 120 ಪಿಎಸ್‌ಐ ಆಸುಪಾಸಿನಲ್ಲಿ ಓಡುವ ರೇಡಿಯಲ್‌ಗೆ ಅದು ಸಾಲದು. ಓಡಿ ಬಿಸಿಯಾದ ಟಯರಿನ ಗಾಳಿ ಜಾಸ್ತಿ ತೋರಿಸಿತು ಎಂದು ಬಿಡಿಸುವುದೂ ತಪ್ಪು, ತಣ್ಣಗಾದಾಗ ಅದು ಕಡಿಮೆಯಾಗಿರುತ್ತದೆ. ಕಾಯ್ದೆ 1.6 ಮಿಲಿಮೀಟರ್ ಗ್ರಿಪ್ ತನಕ ಓಡಿಸಲು ಬಿಡುತ್ತದೆ, ನೀನು ಮೂರು ನಾಲ್ಕು ಮಿಲಿಮೀಟರ್ ಇರುವಾಗಲೇ ಬಿಚ್ಚಿಸು. ತಂತಿ ಕಾಣುವ ತನಕ ಓಡಿಸಿದ ಟಯರು ಗುಜರಿಗೆ, ಮೊದಲೇ ಬಿಚ್ಚಿದ್ದು ರೀಟ್ರೆಡ್ಡಿಗೆ. ಹೌಸಿಂಗಿನ ಟಯರು ಬೇಗ ಸವೆಯುವ ಗಾಡಿಯಲ್ಲಿ ಲಾಭ ಉಳಿಯುವುದೇ ರೀಟ್ರೆಡ್ ಆಗುವ ಕೇಸಿಂಗಿನಲ್ಲಿ. ರೀಟ್ರೆಡ್ ಆದದ್ದನ್ನು ಮಾತ್ರ ಯಾವತ್ತೂ ಮುಂದಕ್ಕೆ ಹಾಕಿಸಬೇಡ.

ಟಯರಿನ ಬೆಲೆ ನೋಡಿ ಅಗ್ಗ, ದುಬಾರಿ ಎಂದು ತೀರ್ಮಾನಿಸಬೇಡ. ಬೆಲೆ, ರೀಟ್ರೆಡ್ ಖರ್ಚು ಕೂಡಿಸಿ ಓಡಿದ ಕಿಲೋಮೀಟರಿನಿಂದ ಭಾಗಿಸು. ಮುಂದಿನವು, ಹೌಸಿಂಗಿನವು, ಟ್ರೇಲರಿನವು ಎಂದು ಪುಸ್ತಕದಲ್ಲಿ ಮೂರು ಪುಟ ಬೇರೆ ಬೇರೆ ಇಡು. ಎಲ್ಲ ಟಯರುಗಳನ್ನು ಒಟ್ಟಿಗೆ ಬರೆದರೆ ಟ್ರೇಲರಿನ ಒಳ್ಳೆಯ ಲೆಕ್ಕದ ಹಿಂದೆ ಹೌಸಿಂಗಿನ ನಷ್ಟ ಅಡಗಿಕೊಳ್ಳುತ್ತದೆ.

ಅಡ್ವಾನ್ಸ್ ಕೊಡುವ ಮೊದಲು ಇಷ್ಟು ಮಾಡು. ಡೆಮೊ ಗಾಡಿಗೆ ನಿನ್ನ ಮಾಲನ್ನೇ ತುಂಬಿಸಿ ವೇಬ್ರಿಡ್ಜಿಗೆ ಒಯ್ದು, ಮುಂದಿನ ಚಕ್ರ ಬೇರೆ, ಹಿಂದಿನದು ಬೇರೆ ತೂಗಿಸು. ಆ ಚೀಟಿಯನ್ನು ಟಯರಿನ ಪಕ್ಕದ ನಂಬರಿನ ಜೊತೆ ಇಟ್ಟು ನೋಡು. ಎರಡೂ ತಾಳೆಯಾದರೆ ದುಡ್ಡು ಕಟ್ಟು. ಆಗದಿದ್ದರೆ ಟಯರು ಬದಲಾಯಿಸಿ ಕೊಡಿ ಎಂದು ಡೀಲರ್‌ಗೆ ಹೇಳು. ಬುಕ್ ಆಗುವ ತನಕ ಅವರು ಕೇಳುತ್ತಾರೆ, ಆಮೇಲೆ ಕೇಳಬೇಕಾದವನು ನೀನೇ.

ಇಂತಿ ನಿನ್ನ ದೊಡ್ಡಪ್ಪ