ಹಡಗು ಹೋಯಿತು, ಪ್ರಾಣ ಉಳಿಯಿತು

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 27ನೆಯ ಅಧ್ಯಾಯ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಸಭೆಗಳವರಾದ ನಮ್ಮಲ್ಲಿ ಸಮುದ್ರವನ್ನು ಕಂಡವರು ಕೆಲವರೇ. ಆದರೆ ಹೊಳೆಯ ನೀರು ಏರಿ ಬರುವಾಗ ಮನೆಮಾರು ಬಿಡುವ ಸಂಕಟವು ಭೀಮಾ ಕೃಷ್ಣಾ ತೀರದವರಿಗೆ ಹೊಸತಲ್ಲ. ಆದಕಾರಣ ಒಬ್ಬ ನಾವಿಕನ ಕುಟುಂಬದ ಚರಿತ್ರೆಯನ್ನು ಈ ಪಾಠದಲ್ಲಿ ವಿಚಾರಿಸೋಣ.

ತಿಮಿಂಗಿಲವು ಆನೆಗಿಂತಲೂ ಬಹು ದೊಡ್ಡದಾದ ಸಮುದ್ರಪ್ರಾಣಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಎಣ್ಣೆಯನ್ನು ದೀಪಗಳಿಗೂ ಯಂತ್ರಗಳಿಗೂ ಬಳಸುತ್ತಿದ್ದರು. ಅದಕ್ಕಾಗಿ ಅಮೇರಿಕದ ಹಡಗುಗಳು ಮೂರು ನಾಲ್ಕು ವರುಷ ಸಮುದ್ರದಲ್ಲಿಯೇ ತಿರುಗುತ್ತಿದ್ದವು. ಅಂಥ ಹಡಗುಗಳ ಕಪ್ತಾನರಲ್ಲಿ ಥಾಮಸ್ ವಿಲಿಯಮ್ಸ್ ಎಂಬವನು ಒಬ್ಬನು. 1858ರಲ್ಲಿ ಅವನು ‘ಫ್ಲಾರಿಡಾ’ ಎಂಬ ಹಡಗಿನಲ್ಲಿ ಹೊರಟಾಗ, ಅವನ ಹೆಂಡತಿಯಾದ ಎಲೈಜಾ ಎಂಬಾಕೆಯು ಇಬ್ಬರು ಗಂಡುಮಕ್ಕಳನ್ನು ಊರಲ್ಲಿ ಬಿಟ್ಟು ಗಂಡನ ಸಂಗಡ ಹೋದಳು. ಮರುವರುಷ ಜನವರಿಯಲ್ಲಿ ನಡುಸಮುದ್ರದಲ್ಲಿಯೇ ವಿಲಿಯಮ್ ಎಂಬ ಮಗನನ್ನು ಹೆತ್ತಳು. ಅದೇ ಯಾತ್ರೆಯಲ್ಲಿ 1861ರಲ್ಲಿ ಮೇರಿ ಎಂಬ ಮಗಳೂ ಹುಟ್ಟಿದಳು. ಆ ದಿನಗಳ ಸುಖದುಃಖಗಳನ್ನು ಆಕೆಯು ದಿನಚರಿಯಲ್ಲಿ ಬರೆದಿಟ್ಟಳು.

1865ರಲ್ಲಿ ಅಮೇರಿಕದ ಅಂತರ್ಯುದ್ಧದಲ್ಲಿ ಶತ್ರುನಾವೆಯೊಂದು ವಿಲಿಯಮ್ಸನ ಹಡಗನ್ನು ಸುಟ್ಟುಬಿಟ್ಟಿತು. ಅವನು ಎದೆಗುಂದದೆ ತಿರಿಗಿ ಸಮುದ್ರಕ್ಕೆ ಇಳಿದನು. 1871ರಲ್ಲಿ ‘ಮಾಂಟಿಸೆಲೊ’ ಎಂಬ ಹಡಗಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಅಲಾಸ್ಕದ ಉತ್ತರ ತೀರಕ್ಕೆ ಬಂದನು. ಆ ದೇಶದ ಮೂಲನಿವಾಸಿಗಳು, ಈ ವರುಷ ಹಿಮವು ಬೇಗನೆ ತೀರವನ್ನು ಮುಚ್ಚುವದೆಂದು ಎಚ್ಚರಿಸಿದರೂ ಕಪ್ತಾನರು ಕಿವಿಗೊಡಲಿಲ್ಲ. ಪಡುವಣ ಗಾಳಿಯು ಹಿಮದ ಬೆಟ್ಟಗಳನ್ನು ದಡಕ್ಕೆ ತಳ್ಳಿತು; ಹಡಗುಗಳು ಒಳಗೆ ಸಿಕ್ಕಿಕೊಂಡವು; ಕೆಲವು ನುಚ್ಚುನುರಿಯಾದವು. ಚಳಿಗಾಲವನ್ನು ಕಳೆಯುವಷ್ಟು ಆಹಾರವಿರಲಿಲ್ಲ.

ಆಗ ಕಪ್ತಾನರು ಕೂಡಿ ಆಲೋಚಿಸಿದರು. ಹಡಗೂ ಸರಕೂ ಯಜಮಾನರ ಸೊತ್ತು. ಬಿಟ್ಟು ಬಂದರೆ ಲೆಕ್ಕ ಕೊಡಬೇಕು. ಬಿಡದಿದ್ದರೆ ಹೆಂಗಸರು ಮಕ್ಕಳು ಸಹಿತ ಎಲ್ಲರೂ ಸಾಯಬೇಕು. ಅವರು ಒಮ್ಮನಸ್ಸಿನಿಂದ ಬರಹಕ್ಕೆ ರುಜು ಹಾಕಿ, ಸೆಪ್ಟೆಂಬರ್ 14ರಂದು ಸಣ್ಣ ದೋಣಿಗಳಲ್ಲಿ ಹೊರಟರು. ಹನ್ನೆರಡು ವರುಷದ ವಿಲಿಯಮನೂ ಅವನ ತಾಯಿಯೂ ಅವರಲ್ಲಿದ್ದರು. ದೂರದಲ್ಲಿ ಹಿಮದ ಹೊರಗೆ ಏಳು ಹಡಗುಗಳು ಕಾದಿದ್ದವು. ಅವುಗಳವರು ತಾವು ಬೇಟೆಯಾಡಿ ಕೂಡಿಸಿದ್ದ ಸರಕನ್ನೂ ಬಲು ಮಟ್ಟಿನ ಸಾಮಾನನ್ನೂ ಸಮುದ್ರಕ್ಕೆ ಎಸೆದು, ಬಂದವರಿಗೆ ಸ್ಥಳ ಮಾಡಿಕೊಟ್ಟರು. 33 ಹಡಗುಗಳು ನಷ್ಟವಾದವು. 1,219 ಜನರಲ್ಲಿ ಒಬ್ಬರಾದರೂ ನಾಶವಾಗದೆ ಹೊನೊಲುಲು ಪಟ್ಟಣವನ್ನು ಸೇರಿದರು.

ಇದರಿಂದ ನಾವು ಕಲಿಯತಕ್ಕವುಗಳು:

1. ಪೌಲನ ಮಾತಿಗಿಂತ ನಾವಿಕನ ಮಾತಿಗೆ ಹೆಚ್ಚು ಲಕ್ಷ್ಯ ಕೊಟ್ಟ ಶತಾಧಿಪತಿಯಂತೆ ಈ ಕಪ್ತಾನರೂ ಬುದ್ಧಿಮಾತನ್ನು ಅಲಕ್ಷ್ಯ ಮಾಡಿದರು. ಎಚ್ಚರಿಕೆಯು ಬಡವನ ಬಾಯಿಂದ ಬಂದರೂ ಕೇಳಬೇಕು.

2. ಪೌಲನ ಹಡಗಿನವರು ಗೋದಿಯನ್ನು ಸಮುದ್ರಕ್ಕೆ ಚೆಲ್ಲಿದರು. 276 ಮಂದಿಯೂ ದಡ ಸೇರಿದರು. ಪ್ರವಾಹದಲ್ಲಿ ಹಗೇವಿನ ಜೋಳವನ್ನೂ ಬಣವಿಯನ್ನೂ ನೋಡುತ್ತಾ ಮನೆಯೊಳಗೆ ನಿಂತವನು ಮಕ್ಕಳ ಪ್ರಾಣವನ್ನು ಅಪಾಯಕ್ಕೆ ಒಡ್ಡುತ್ತಾನೆ. ಜೋಳವನ್ನು ತಿರಿಗಿ ಬಿತ್ತಬಹುದು.

3. ಆ ಏಳು ಹಡಗುಗಳವರು ತಮ್ಮ ಲಾಭವನ್ನು ಬಿಡದಿದ್ದರೆ ಉಳಿದವರ ಬಿಡುವಿಕೆಯು ವ್ಯರ್ಥವಾಗುತ್ತಿತ್ತು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟೆದ್ದವರಿಗೆ ಅಂಗಳದಲ್ಲಿ ಜಾಗ ಕೊಟ್ಟ ಪ್ರತಿ ಮನೆಯೂ ಅಂಥ ಹಡಗೇ. ನಮ್ಮ ಸಭೆಗಳೂ ಹಾಗೆಯೇ ಇರಲಿ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:

1. ಕಪ್ತಾನರಿಗೆ ಹಡಗನ್ನು ಬಿಡುವದು ಏಕೆ ಕಷ್ಟವಾಗಿತ್ತು?
2. ಏಳು ಹಡಗುಗಳವರು ಏನನ್ನು ಕಳಕೊಂಡರು? ಏನನ್ನು ಗಳಿಸಿದರು?
3. ನೆರೆಯವನಿಗೆ ಸ್ಥಳ ಮಾಡಲು ನಾವು ಈಗ ಯಾವದನ್ನು ಇಳಿಸಬೇಕು?

ಕರ್ತನು ಬಿಡತಕ್ಕದ್ದನ್ನು ಬಿಡುವ ಧೈರ್ಯವನ್ನೂ ಹಿಡಿಯತಕ್ಕದ್ದನ್ನು ಹಿಡಿಯುವ ಬಲವನ್ನೂ ನಮ್ಮೆಲ್ಲರಿಗೆ ಅನುಗ್ರಹಿಸಲಿ.